ದೂರದ ಶಾಲೆಯಲ್ಲಿ ದುಃಖಪಡುವ ಹುಡುಗನು

ಓದತಕ್ಕ ವೇದಭಾಗಗಳು: 1 ಸಮುವೇಲ 1:24–28; 2:18–21; 3:1–10; ಕೀರ್ತನೆ 27:10; ಯೋಹಾನ 11:33–36.



ಜೂನ್ ತಿಂಗಳು ಬಂದಿತೆಂದರೆ ನಮ್ಮ ಹಳ್ಳಿಗಳಿಂದ ಅನೇಕ ಹುಡುಗರು ಪೆಟ್ಟಿಗೆಯನ್ನೂ ಹಾಸಿಗೆಯ ಸುರುಳಿಯನ್ನೂ ಹೊತ್ತುಕೊಂಡು ಪಟ್ಟಣದ ಬೋರ್ಡಿಂಗಿಗೆ ಹೊರಡುತ್ತಾರೆ. ತಂದೆತಾಯಿಗಳು ಸಾಲಮಾಡಿಯಾದರೂ ಮಗನನ್ನು ಓದಿಸಬೇಕೆಂದು ಆಶಿಸುವದು ಒಳ್ಳೇದೇ. ಆದರೆ ಹೋದ ಹುಡುಗರಲ್ಲಿ ಕೆಲವರು ಕೆಲವು ತಿಂಗಳುಗಳಲ್ಲಿಯೇ ಬೇರೆಯವರಾಗಿ ಕಾಣುತ್ತಾರೆ. ರಜೆಗೆ ಬಂದರೆ ಮಾತಾಡುವದಿಲ್ಲ. ಊಟಕ್ಕೆ ಕರೆದರೆ ಸಿಡುಕುತ್ತಾರೆ. ಆರಾಧನೆಗೆ ಬಂದರೂ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕೂತಿರುತ್ತಾರೆ. ಆಗ ನಾವು, ಹುಡುಗನು ಕೆಟ್ಟುಹೋದನು, ಪಟ್ಟಣದ ಗಾಳಿ ತಗಲಿತು ಎಂದು ಬೇಗನೆ ತೀರ್ಪುಮಾಡಿಬಿಡುತ್ತೇವೆ. ಅದು ಕೆಟ್ಟತನವಲ್ಲ, ಯಾರ ಮುಂದೆಯೂ ಹೇಳಿಕೊಳ್ಳಲಾರದ ದುಃಖವೆಂಬದು ನಮಗೆ ತೋಚುವದೇ ಇಲ್ಲ. ಈ ಪಾಠದಲ್ಲಿ ಮನೆಯಿಂದ ದೂರವಾದ ಇಬ್ಬರು ಹುಡುಗರನ್ನು ನೋಡೋಣ. ಒಬ್ಬನು ಸತ್ಯವೇದದವನು, ಇನ್ನೊಬ್ಬನು ಇಂಗ್ಲೆಂಡಿನವನು.

1. ಶಿಲೋವಿನಲ್ಲಿದ್ದ ಸಮುವೇಲನು

ಹನ್ನಳು ಹರಕೆಮಾಡಿ ಪಡೆದ ಮಗನನ್ನು ಮೊಲೆಬಿಡಿಸಿದ ಮೇಲೆ ಶಿಲೋವಿನ ದೇವಮಂದಿರಕ್ಕೆ ಒಪ್ಪಿಸಿಬಿಟ್ಟಳು. ಅಲ್ಲಿ ಆ ಮಗುವಿಗೆ ಸಿಕ್ಕಿದ ಸಹವಾಸವಾದರೋ ಒಳ್ಳೇದಲ್ಲ. ಯಾಜಕನಾದ ಏಲಿಯು ಮುದುಕನು, ಕಣ್ಣು ಮಬ್ಬಾದವನು. ಅವನ ಮಕ್ಕಳು ಜನರ ಬಲಿಮಾಂಸವನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುವ ದುಷ್ಟರು. ಪವಿತ್ರವಾದ ಸ್ಥಳವೆಂದ ಮಾತ್ರಕ್ಕೆ ಅಲ್ಲಿರುವವರೆಲ್ಲರೂ ಒಳ್ಳೆಯವರೆಂದು ಭಾವಿಸಬಾರದೆಂಬದನ್ನು ವೇದವು ನಮಗೆ ಮರೆಮಾಡುವದಿಲ್ಲ.

ಹೀಗಿದ್ದರೂ ಆ ಹುಡುಗನನ್ನು ಕಾಪಾಡಿದ ಎರಡು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು, ತಾಯಿಯು ಅವನನ್ನು ಒಪ್ಪಿಸಿದಳೇ ಹೊರತು ಮರೆಯಲಿಲ್ಲ. ವರುಷ ವರುಷವೂ ಗಂಡನ ಸಂಗಡ ಬಲಿಯರ್ಪಿಸುವದಕ್ಕೆ ಬರುವಾಗ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ತರುತ್ತಿದ್ದಳು. ಮಗನು ಕಣ್ಣಿಗೆ ಕಾಣದಿದ್ದರೂ ಈ ವರುಷ ಎಷ್ಟು ಬೆಳೆದಿರುವನೋ ಎಂದು ಮನೆಯಲ್ಲಿ ಎಣಿಸುತ್ತಾ ಹೊಲಿದಿರಬೇಕು. ಎರಡನೆಯದು, ಅವನು ರಾತ್ರಿಯಲ್ಲಿ ಎದ್ದು ಓಡಿಬಂದಾಗ ಏಲಿಯು ಗದರಿಸಲಿಲ್ಲ. ಆಗ ಸಮುವೇಲನಿಗೆ 12 ವರುಷ ತುಂಬಿತ್ತೆಂದು ಯೆಹೂದ್ಯ ಚರಿತ್ರಕಾರನಾದ ಜೋಸೆಫನು ಬರೆದಿದ್ದಾನೆ. ಮೂರು ಸಾರಿ ನಿದ್ರೆಕೆಡಿಸಿದ ಹುಡುಗನನ್ನು ಯಾವ ಮೇಲ್ವಿಚಾರಕನು ಸಹಿಸುವನು? ಏಲಿಯು ಬೇರೆ ವಿಷಯಗಳಲ್ಲಿ ತಪ್ಪಿದವನಾದರೂ ಇದರಲ್ಲಿ ತಪ್ಪಲಿಲ್ಲ. ಹುಡುಗನು ಹೇಳಿದ್ದನ್ನು ಕೇಳಿ, ಯೋಚಿಸಿ, ಅವನನ್ನು ಕರೆಯುವಾತನು ಕರ್ತನೇ ಎಂದು ಗ್ರಹಿಸಿ, ಏನು ಉತ್ತರಕೊಡಬೇಕೆಂದು ಕಲಿಸಿಕೊಟ್ಟನು.

2. ಚಿಸಿಕಿನಲ್ಲಿಯೂ ಹ್ಯಾರೋವಿನಲ್ಲಿಯೂ ಇದ್ದ ಆಂಥನಿ

ಆಂಥನಿ ಆಷ್ಲಿ ಕೂಪರನು 1801ನೇ ಏಪ್ರಿಲ್ 28ರಲ್ಲಿ ಲಂಡನ್ ಪಟ್ಟಣದಲ್ಲಿ ದೊಡ್ಡ ಪ್ರಭುಗಳ ಮನೆತನದಲ್ಲಿ ಹುಟ್ಟಿದನು. ಮುಂದೆ ಶಾಫ್ಟ್ಸ್‌ಬರಿ ಪ್ರಭುವೆಂದು ಹೆಸರುಗೊಂಡವನು ಈತನೇ. ಮನೆಯಲ್ಲಿ ಧನಕ್ಕೆ ಕೊರತೆಯಿರಲಿಲ್ಲ, ಪ್ರೀತಿಗೆ ಕೊರತೆಯಿತ್ತು. ತಂದೆಯು ಕಠಿಣನು, ತಾಯಿಗೆ ಮಕ್ಕಳ ಗೊಡವೆಯಿರಲಿಲ್ಲ. ಆ ಮನೆವಾರ್ತೆಯನ್ನು ನೋಡಿಕೊಳ್ಳುತ್ತಿದ್ದ ಮರಿಯ ಮಿಲ್ಲಿಸ್ ಎಂಬ ಸೇವಕಿಯೊಬ್ಬಳೇ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಯೇಸುವಿನ ಚರಿತ್ರೆಯನ್ನು ಹೇಳಿದವಳು, ಪ್ರಾರ್ಥಿಸುವದನ್ನು ಕಲಿಸಿದವಳು. ಅವನು ಇನ್ನೂ ಬಾಲಕನಾಗಿರುವಾಗಲೇ ಆಕೆ ತೀರಿಕೊಂಡಳು. ಸಾಯುವಾಗ ತನ್ನ ಚಿನ್ನದ ಗಡಿಯಾರವನ್ನು ಅವನಿಗೆ ಬಿಟ್ಟುಹೋದಳು.

ಸೇವಕಿ ಸತ್ತರೆ ಒಡೆಯರ ಮಗನು ದುಃಖಪಡುವನೆಂದು ಆ ಕಾಲದವರಲ್ಲಿ ಯಾರು ಎಣಿಸಿದರು? ಅವನ ಪಾಲಿಗೆ ಮಾತ್ರ ತಾಯಿಯೇ ಸತ್ತಂತಾಯಿತು. ಸುಮಾರು 7 ವರುಷದವನಾಗಿದ್ದಾಗ ಅವನನ್ನು ಚಿಸಿಕ್ ಎಂಬ ಊರಿನ ಮ್ಯಾನರ್ ಹೌಸ್ ಎಂಬ ಬೋರ್ಡಿಂಗ್ ಶಾಲೆಗೆ ಸೇರಿಸಿದ್ದರು. ಅಲ್ಲಿ ಕೊಳಕು, ಅಲಕ್ಷ್ಯ, ದೊಡ್ಡ ಹುಡುಗರ ಹಿಂಸೆ. ರಜೆ ಬಂದರೂ ಸಂತೋಷವಿಲ್ಲ. ಯಾಕಂದರೆ ಮನೆಯಲ್ಲಿಯೂ ಚಳಿ, ಹಸಿವು, ಗದರಿಕೆ. ಹೀಗೆ ಶಾಲೆಯೂ ಅವನದಲ್ಲ, ಮನೆಯೂ ಅವನದಲ್ಲ. ಅವನಿಗೆ ಉಳಿದದ್ದು ಮರಿಯಳು ಕಲಿಸಿದ ಪ್ರಾರ್ಥನೆಯೊಂದೇ. ಅದನ್ನು ಅವನು ಬಿಡಲಿಲ್ಲ. ಮುದುಕನಾದ ಮೇಲೆಯೂ ಆ ಶಾಲೆಯನ್ನು ಹೇಸಿಗೆಯಿಂದಲೇ ನೆನೆಸುತ್ತಿದ್ದನು. ಮರಿಯಳನ್ನೋ ಲೋಕದಲ್ಲಿ ತನಗೆ ದೊರೆತ ಅತ್ಯುತ್ತಮ ಸ್ನೇಹಿತಳೆಂದು ಹೇಳಿಕೊಳ್ಳುತ್ತಿದ್ದನು, ಆಕೆಯ ಗಡಿಯಾರವನ್ನೇ ಧರಿಸುತ್ತಿದ್ದನು.

1813ರಲ್ಲಿ, 12 ವರುಷದವನಾಗಿದ್ದಾಗ, ಅವನನ್ನು ಹ್ಯಾರೋ ಶಾಲೆಗೆ ಕಳುಹಿಸಿದರು. ಅಲ್ಲಿಯ ಸ್ಥಿತಿ ಮೊದಲಿಗಿಂತ ಉತ್ತಮವಾಗಿತ್ತು. ಹದಿನಾಲ್ಕೋ ಹದಿನೈದೋ ವರುಷದವನಾಗಿದ್ದಾಗ ಒಂದು ದಿನ ಆ ಗುಡ್ಡದ ದಾರಿಯಲ್ಲಿ ಹೋಗುತ್ತಿರಲಾಗಿ ಗದ್ದಲವು ಕೇಳಿಬಂತು. ಕುಡಿದು ಮತ್ತರಾದ ಕೆಲವರು ಯಾರೋ ಬಡವನ ಶವಪೆಟ್ಟಿಗೆಯನ್ನು ಹೊತ್ತು, ಕೂಗಾಡುತ್ತಾ ಹಾಡುತ್ತಾ, ತೂರಾಡಿಕೊಂಡು ಬಂದರು. ಪೆಟ್ಟಿಗೆಯು ಕೈಜಾರಿ ನೆಲಕ್ಕೆ ಬಿತ್ತು, ಅವರು ಬೈದಾಡಿಕೊಂಡರು. ಹಿಂದೆ ಅಳುವವರು ಒಬ್ಬರೂ ಇರಲಿಲ್ಲ. ದಿಕ್ಕಿಲ್ಲದವನೆಂಬ ಮಾತ್ರಕ್ಕೆ ಒಬ್ಬ ಮನುಷ್ಯನನ್ನು ಹೀಗೆ ಹೂಣಿಡುವದುಂಟೋ ಎಂದು ಹುಡುಗನು ಬೆಚ್ಚಿಬಿದ್ದು, ದೇವರ ಸಹಾಯದಿಂದ ಬಡವರ ಮತ್ತು ದಿಕ್ಕಿಲ್ಲದವರ ಪಕ್ಷವನ್ನು ಹಿಡಿಯುವೆನೆಂದು ಅಲ್ಲಿಯೇ ನಿಶ್ಚಯಿಸಿಕೊಂಡನು. ಅದರ ನೆನಪಿಗಾಗಿ ಇಟ್ಟಿರುವ ಫಲಕವು ಹ್ಯಾರೋವಿನಲ್ಲಿದೆ.

ಆ ನಿಶ್ಚಯವು ಫಲಕೊಟ್ಟದ್ದು ತಡವಾಗಿಯೇ. ಹ್ಯಾರೋವನ್ನು ಬಿಡಿಸಿ ತಂದೆಯು ಅವನನ್ನು ಬಂಧುವಾದ ಒಬ್ಬ ಸಭಾಪಾಲಕನ ಮನೆಯಲ್ಲಿಟ್ಟನು; ಅಲ್ಲಿ ಸುಮಾರು ಎರಡು ವರುಷ ಹೆಚ್ಚೇನೂ ಕಲಿಯದೆ ಕಾಲಕಳೆದನು. ಆಗ ನೋಡಿದವರು ಇವನು ಯಾತಕ್ಕೂ ಬಾರದವನೆಂದು ಹೇಳಬಹುದಾಗಿತ್ತು. ಆದರೆ 1819ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ 1822ರಲ್ಲಿ ಮೊದಲನೆಯ ದರ್ಜೆಯಲ್ಲಿ ತೇರ್ಗಡೆಯಾದನು. 1826ರಲ್ಲಿ ಪಾರ್ಲಿಮೆಂಟಿನ ಸದಸ್ಯನಾದನು. ಕಾರ್ಖಾನೆಯ ಮಕ್ಕಳ ಪಕ್ಷವನ್ನು 1833ರಲ್ಲಿ ವಹಿಸಿಕೊಂಡನು. ಆತನ ಪ್ರಯತ್ನದಿಂದಲೇ 1842ರ ಕಾನೂನು ಸ್ತ್ರೀಯರನ್ನೂ ಹುಡುಗಿಯರನ್ನೂ 10 ವರುಷಕ್ಕೆ ಕಡಿಮೆಯಾದ ಹುಡುಗರನ್ನೂ ಗಣಿಯೊಳಗೆ ದುಡಿಸಬಾರದೆಂದು ವಿಧಿಸಿತು. ಹರಕುಬಟ್ಟೆಯ ಬಡಮಕ್ಕಳಿಗಾಗಿದ್ದ ಶಾಲೆಗಳು 1844ರಲ್ಲಿ ಒಂದು ಸಂಘವಾದಾಗ ಆತನೇ ಅದರ ಅಧ್ಯಕ್ಷನಾದನು. ನಮ್ಮ ದೇಶದ ಗಿರಣಿಗಳಲ್ಲಿ ದುಡಿಯುವ ಮಕ್ಕಳ ಸಂಗತಿಯನ್ನು ಸಹ ಆತನು ಪ್ರಭುಗಳ ಸಭೆಯಲ್ಲಿ ಎತ್ತಿದನು. 1881ರಲ್ಲಿ ಇಂಡಿಯಾದ ಮೊದಲನೆಯ ಕಾರ್ಖಾನೆ ಕಾನೂನು ಆಗಿ, 7 ವರುಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವದು ನಿಂತಿತು. 1885ನೇ ಅಕ್ಟೋಬರ್ 1ರಲ್ಲಿ ಆತನು ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಆರಾಧನೆ ನಡೆದ ದಿನ ಬಡವರು ಗುಂಪುಗುಂಪಾಗಿ ಬೀದಿಯಲ್ಲಿ ನಿಂತು ದುಃಖಿಸಿದರು.

3. ತಪ್ಪಾಗಿ ತಿಳಿಯಬಾರದ ಪಾಠ

ಕಷ್ಟಪಟ್ಟದ್ದರಿಂದಲೇ ಅವನು ದೊಡ್ಡ ಮನುಷ್ಯನಾದನು, ಆದಕಾರಣ ನಮ್ಮ ಮಕ್ಕಳೂ ಸ್ವಲ್ಪ ಅನುಭವಿಸಲಿ ಎಂದು ಯಾರೂ ಹೇಳದಿರಲಿ. ಚಿಸಿಕಿನ ಶಾಲೆಯಲ್ಲಿ ಎಷ್ಟೋ ಹುಡುಗರು ಇದ್ದರು. ಹಿಂಸೆಯೇ ಸದ್ಗುಣವನ್ನು ಬೆಳಿಸುವದಾದರೆ ಅವರೆಲ್ಲರೂ ಶಾಫ್ಟ್ಸ್‌ಬರಿಗಳಾಗಬೇಕಾಗಿತ್ತು. ಆ ಕಹಿಯು ಅವನನ್ನು ಬೆಳಿಸಲಿಲ್ಲ, ಗಾಯಪಡಿಸಿತು. ಆಗಾಗ್ಗೆ ಮನಗುಂದುವದು ಆತನಿಗೆ ಜೀವಮಾನವೆಲ್ಲಾ ಇತ್ತು. ಅವನನ್ನು ಉಳಿಸಿದ್ದು ಒಬ್ಬ ಸೇವಕಿಯ ಪ್ರೀತಿ. ತಂದೆಯೂ ತಾಯಿಯೂ ಕೈಬಿಟ್ಟರೂ ಕರ್ತನು ಸೇರಿಸಿಕೊಳ್ಳುವನೆಂದು 27ನೆಯ ಕೀರ್ತನೆಯು ಕಲಿಸುತ್ತದಲ್ಲವೇ? ಆ ಮನೆಯಲ್ಲಿ ಸೇರಿಸಿಕೊಳ್ಳುವ ಕೈಗಳಾಗಿ ಕರ್ತನು ಉಪಯೋಗಿಸಿದ್ದು ಮರಿಯಳ ಕೈಗಳನ್ನು. ಇಂದು ಆತನು ನಮ್ಮ ಕೈಗಳನ್ನು ಕೇಳುತ್ತಾನೆ.

4. ನಾವು ಮಾಡತಕ್ಕದ್ದು

ತಂದೆತಾಯಿಗಳು: ಹನ್ನಳ ನಿಲುವಂಗಿಯನ್ನು ಮರೆಯಬೇಡಿರಿ. ಫೋನಿನಲ್ಲಿ ಮಾತಾಡುವಾಗ ಮೊದಲು ಅಂಕಗಳನ್ನು ಕೇಳದೆ ಊಟವನ್ನೂ ನಿದ್ರೆಯನ್ನೂ ಸ್ನೇಹಿತರನ್ನೂ ಕುರಿತು ಕೇಳಿರಿ. ಸಾಧ್ಯವಾದಾಗಲೆಲ್ಲಾ ಹೋಗಿ ಕಣ್ಣಾರೆ ನೋಡಿರಿ. ಮನೆಯಲ್ಲಿ ಸಾವು ಸಂಭವಿಸಿದರೆ ಪರೀಕ್ಷೆ ಕೆಡುವದೆಂದು ಹುಡುಗನಿಗೆ ಮರೆಮಾಡುವ ವಾಡಿಕೆ ನಮ್ಮಲ್ಲಿ ಉಂಟು. ಇದು ಪ್ರೀತಿಯಿಂದ ಮಾಡುವದಾದರೂ ಫಲವು ಕ್ರೂರವಾದದ್ದು. ಅಜ್ಜಿಯು ಮಣ್ಣಾಗಿ ತಿಂಗಳಾದ ಮೇಲೆ ಬೇರೆಯವರ ಬಾಯಿಂದ ಕೇಳುವ ಹುಡುಗನು, ಅಜ್ಜಿಯನ್ನು ಮಾತ್ರವಲ್ಲ, ಮನೆಯವರ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾನೆ. ಅವನಿಗೆ ತಿಳಿಸಿರಿ, ಕರೆಸಿರಿ, ಸಮಾಧಿಯ ಬಳಿಯಲ್ಲಿ ನಿಲ್ಲಿಸಿಕೊಳ್ಳಿರಿ. ಪರೀಕ್ಷೆಯನ್ನು ಮತ್ತೆ ಬರೆಯಬಹುದು. ಸಮಾಧಿಸಂಸ್ಕಾರವು ಮತ್ತೆ ನಡೆಯುವದಿಲ್ಲ.

ಬೋರ್ಡಿಂಗಿನ ಮೇಲ್ವಿಚಾರಕರು: ಹದಿಮೂರರಿಂದ ಹದಿನಾರರ ವಯಸ್ಸಿನ ಹುಡುಗನ ದುಃಖವು ಕಣ್ಣೀರಾಗಿ ಬರುವದು ಅಪರೂಪ. ಅದು ಕೋಪವಾಗಿ, ಹೊಟ್ಟೆನೋವಾಗಿ, ನಿದ್ರೆಯಿಲ್ಲದ ರಾತ್ರಿಯಾಗಿ, ಓದಿನಲ್ಲಿ ಹಿಂದೆಬೀಳುವದಾಗಿ ಬರುತ್ತದೆ. ಇಂಥವನನ್ನು ಬೆತ್ತದಿಂದ ಸರಿಮಾಡಲಾಗದು. 2009ರ ಶಿಕ್ಷಣ ಹಕ್ಕಿನ ಕಾನೂನು 6ರಿಂದ 14 ವರುಷದ ಮಕ್ಕಳಿಗೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಕೊಡಬಾರದೆಂದು ವಿಧಿಸಿದೆ. ಕಾನೂನು ಮುಟ್ಟದ ಕಡೆಯಲ್ಲಿಯೂ ಪ್ರೀತಿಯ ಆಜ್ಞೆಯು ಮುಟ್ಟುತ್ತದೆ. ದೊಡ್ಡ ಹುಡುಗರು ಚಿಕ್ಕವರನ್ನು ಹಿಂಸಿಸುವದನ್ನು ಆಟವೆಂದು ಬಿಟ್ಟುಬಿಡಬೇಡಿರಿ. ರಾತ್ರಿಯಲ್ಲಿ ಬಾಗಿಲು ತಟ್ಟುವವನನ್ನು ಏಲಿಯಂತೆ ಕೇಳಿಕೊಳ್ಳಿರಿ.

ಸಭೆಯವರು: ನಿಮ್ಮೂರಿನಿಂದ ಹೋದ ಹುಡುಗರ ಹೆಸರುಗಳನ್ನು ಹೇಳಿ ಪ್ರಾರ್ಥಿಸಿರಿ. ರಜೆಗೆ ಬಂದವನನ್ನು ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಬಿಡದೆ ಹಿರಿಯರಲ್ಲಿ ಒಬ್ಬರು ಪಕ್ಕದಲ್ಲಿ ಕೂತುಕೊಳ್ಳಿರಿ. ಉಪದೇಶಮಾಡುವದಕ್ಕೆ ಅವಸರಪಡಬೇಡಿರಿ. ಲಾಜರನ ಸಮಾಧಿಯ ಬಳಿಗೆ ಬಂದ ಕರ್ತನು ಅವನನ್ನು ಎಬ್ಬಿಸಬಲ್ಲವನಾಗಿದ್ದರೂ ಮೊದಲು ಅತ್ತನೆಂಬದನ್ನು ಜ್ಞಾಪಕದಲ್ಲಿಡಿರಿ.

ಹುಡುಗನು ಸಾಯಬೇಕೆಂಬ ಮಾತಾಡಿದರೆ ಅದನ್ನು ನಟನೆಯೆಂದಾಗಲಿ ಅವಿಶ್ವಾಸವೆಂದಾಗಲಿ ತಳ್ಳಿಬಿಡಬಾರದು. ಅವನನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. 14416 ಎಂಬ ಟೆಲಿ ಮಾನಸ್ ಸಂಖ್ಯೆಗೂ, 1098 ಎಂಬ ಮಕ್ಕಳ ಸಹಾಯವಾಣಿಗೂ ಫೋನ್ ಮಾಡಬಹುದು. ವೈದ್ಯರ ಸಹಾಯವನ್ನು ಕೇಳುವದು ಪ್ರಾರ್ಥನೆಗೆ ವಿರೋಧವಲ್ಲ.

ಇದನ್ನು ಓದುತ್ತಿರುವ ಹುಡುಗನೇ, ನಿನಗೂ ಒಂದು ಮಾತು. ನಿನ್ನ ದುಃಖವು ಪಾಪವಲ್ಲ, ನಾಚಿಕೆಯೂ ಅಲ್ಲ. ಸಮುವೇಲನು ಕತ್ತಲಲ್ಲಿ ಎದ್ದು ಒಬ್ಬ ಮನುಷ್ಯನ ಬಳಿಗೆ ಓಡಿದನು. ನೀನೂ ಹಾಗೆಯೇ ಮಾಡು. ಮೊದಲನೆಯವನು ತಿಳುಕೊಳ್ಳದಿದ್ದರೆ ಇನ್ನೊಬ್ಬರಿಗೆ ಹೇಳು. ಸಮುವೇಲನೂ ಒಂದೇ ಸಾರಿ ಓಡಲಿಲ್ಲ, ಮೂರು ಸಾರಿ ಓಡಿದನು.

ಕೂಟದಲ್ಲಿ ಮಾತಾಡತಕ್ಕ ಪ್ರಶ್ನೆಗಳು

1. ಶಿಲೋವಿನಲ್ಲಿ ಸಮುವೇಲನಿಗೆ ಹಾನಿಮಾಡಬಹುದಾಗಿದ್ದ ಸಂಗತಿಗಳು ಯಾವವು? ಸಹಾಯಮಾಡಿದವು ಯಾವವು?
2. ಮರಿಯ ಮಿಲ್ಲಿಸಳ ಕೈಯಲ್ಲಿ ಅಧಿಕಾರವೂ ಧನವೂ ಇರಲಿಲ್ಲ. ಹಾಗಾದರೆ ಆಕೆ ಆ ಹುಡುಗನಿಗೆ ಕೊಟ್ಟದ್ದೇನು?
3. ಸಾವಿನ ಸಮಾಚಾರವನ್ನು ಮಕ್ಕಳಿಗೆ ಮರೆಮಾಡುವ ವಾಡಿಕೆ ನಮ್ಮೂರಿನಲ್ಲಿ ಉಂಟೋ? ಅದರ ಬದಲು ಏನು ಮಾಡಬೇಕು?
4. ನಮ್ಮ ಸಭೆಯಿಂದ ಬೋರ್ಡಿಂಗಿಗೆ ಹೋಗಿರುವ ಮಕ್ಕಳು ಯಾರು ಯಾರು? ಈ ತಿಂಗಳಲ್ಲಿ ಅವರನ್ನು ಯಾರು ಹೋಗಿ ನೋಡುವರು?

ಪ್ರಾರ್ಥನೆ: ಕರ್ತನೇ, ಮನೆಯಿಂದ ದೂರವಾಗಿ ಈ ರಾತ್ರಿ ನಿದ್ರೆಯಿಲ್ಲದೆ ಮಲಗಿರುವ ಮಕ್ಕಳನ್ನು ನೆನಸಿಕೋ. ಅವರ ಕೂಗು ನಮ್ಮ ಕಿವಿಗೆ ಬೀಳುವಂತೆ ಮಾಡು. ಕೇಳಿದ ಮೇಲೆ ಸುಮ್ಮನಿರದಂತೆ ನಮ್ಮನ್ನು ಎಬ್ಬಿಸು. ಆಮೆನ್.