ಹಿಮದಾಟದಲ್ಲಿ ಕಣ್ಣು ಜೋಪಾನ

ರಕ್ತದೊತ್ತಡ ತೋರಿಸಿಕೊಳ್ಳಲು ತಿಂಗಳಿಗೊಮ್ಮೆ ದಾವಣಗೆರೆಯ ನನ್ನ ಚಿಕಿತ್ಸಾಲಯಕ್ಕೆ ಬರುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಸರದಿ ತಪ್ಪಿಸಿ ಬಂದವರಲ್ಲ. ಕಳೆದ ಚಳಿಗಾಲದ ಒಂದು ಸಂಜೆ ಮಾತ್ರ ನೇರ ಒಳಗೆ ಬಂದು ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಒಂದು ಕಣ್ಣಿನ ಚಿತ್ರ. ಕಪ್ಪುಗುಡ್ಡೆಯ ಕೆಳ ಅರ್ಧದಲ್ಲಿ, ಲೋಟದ ತಳದಲ್ಲಿ ನೀರು ನಿಂತಂತೆ, ರಕ್ತ ಸಮಮಟ್ಟವಾಗಿ ನಿಂತಿತ್ತು.

"ನಮ್ಮ ಹುಡುಗಂದು ಡಾಕ್ಟ್ರೇ. ಆಟ ಆಡುವಾಗ ಬಣ್ಣದ ಚೆಂಡು ತಗುಲಿತಂತೆ. ಬಣ್ಣದ ಚೆಂಡಿಗೆಲ್ಲ ಕಣ್ಣು ಹೀಗಾಗುತ್ತದೆಯೇ?"

ಮಗ ಜರ್ಮನಿಯ ಮ್ಯೂನಿಕ್‌ನಲ್ಲಿ ಇಂಜಿನಿಯರ್. ಕಚೇರಿಯ ಗೆಳೆಯರೊಡನೆ ಆಸ್ಟ್ರಿಯದ ಟಿರೋಲ್ ಪ್ರಾಂತ್ಯದ ಆಲ್ಪ್ಸ್ ಬೆಟ್ಟಗಳಿಗೆ ಒಂದು ವಾರದ ಸ್ಕೀಯಿಂಗ್ ರಜೆಗೆ ಹೋಗಿದ್ದ. ಮೂರನೆಯ ದಿನಕ್ಕೆ ಕಾಲು ಹಿಡಿದುಕೊಂಡು, ಅಂದು ಸ್ಕೀಯಿಂಗ್‌ಗೆ ಬಿಡುವು ಕೊಟ್ಟು ಎಲ್ಲರೂ ಹಿಮದ ಬಯಲಿನಲ್ಲಿ ಪೇಂಟ್‌ಬಾಲ್ ಆಡಲು ಇಳಿದರು. ನಾನು ಫೋನಿನಲ್ಲಿ ಕೇಳಿದಾಗ ಆತ ಹೇಳಿದ್ದು ಇಷ್ಟು: "ಮುಖವಾಡ ಕೊಟ್ಟಿದ್ದರು ಅಂಕಲ್, ಹಾಕಿಕೊಂಡೂ ಇದ್ದೆ. ಒಳಗೆಲ್ಲ ಮಂಜು ಕವಿದು ಏನೂ ಕಾಣಲಿಲ್ಲ. ಒರೆಸಿಕೊಳ್ಳೋಣ ಅಂತ ಹಣೆಗೆ ಏರಿಸಿದೆ, ಅಷ್ಟೇ."

ಆ "ಅಷ್ಟೇ" ಎಂಬುದರ ಬಗ್ಗೆಯೇ ಈ ವಾರದ ಲೇಖನ. ನಾನು ನೇತ್ರತಜ್ಞನಲ್ಲ, ಸಾಮಾನ್ಯ ವೈದ್ಯ. ಆದರೆ ಇಂತಹ ಪ್ರಶ್ನೆ ಮೊದಲು ಬರುವುದು ನಮ್ಮಂಥವರ ಬಳಿಗೇ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ಈಗ ನಮ್ಮ ಬೀದಿಯಲ್ಲೇ ಹತ್ತಾರಿವೆ. ಅಷ್ಟು ದೂರದ ಮಾತೂ ಬೇಡ, ಬೆಂಗಳೂರಿನ ಸುತ್ತಮುತ್ತಲ ರೆಸಾರ್ಟ್‌ಗಳಲ್ಲೂ ಈ ಆಟ ನಡೆಯುತ್ತದೆ.

ಪೇಂಟ್‌ಬಾಲ್ ಎಂದರೆ ಎರಡು ತಂಡಗಳು ಮರೆಯಲ್ಲಿ ಅವಿತು, ಒಬ್ಬರ ಮೇಲೊಬ್ಬರು ಬಣ್ಣ ತುಂಬಿದ ಪುಟ್ಟ ಗುಂಡುಗಳನ್ನು ಹಾರಿಸುವ ಆಟ. ಬಣ್ಣ ಬಿದ್ದವನು ಆಟದಿಂದ ಹೊರಗೆ. ಕಡಿಯಬೇಕಾದ ಮರಗಳಿಗೆ ದೂರದಿಂದಲೇ ಗುರುತು ಹಾಕಲು ಅಮೆರಿಕದಲ್ಲಿ ಬಳಸುತ್ತಿದ್ದ ಬಂದೂಕು ಇದರ ಮೂಲ. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನಿಕರ್ ಎಂಬ ಊರಿನ ಕಾಡಿನಲ್ಲಿ 12 ಮಂದಿ ಸೇರಿ ಮೊದಲ ಆಟ ಆಡಿದರು. ಅಂದು ಗೆದ್ದವನು ಒಂದು ಗುಂಡನ್ನೂ ಹಾರಿಸಲಿಲ್ಲವಂತೆ! ನಮ್ಮ ಹುಡುಗರು ಅಷ್ಟು ಸಂಯಮದವರಲ್ಲ.

ಗುಂಡಿನ ಹೊರಕವಚ ನಾವು ನುಂಗುವ ಕ್ಯಾಪ್ಸೂಲ್‌ನಂತೆ ಜೆಲಾಟಿನ್‌ನಿಂದ ಮಾಡಿದ್ದು. ತೂಕ ಸುಮಾರು 3 ಗ್ರಾಂ, ಅಡ್ಡಳತೆ ಸುಮಾರು 17 ಮಿಲಿಮೀಟರ್. ನೋಡಿದರೆ ಆಟದ ಗೋಲಿಯಂತೆ ನಿರಪಾಯಕಾರಿ. ಆದರೆ ವೇಗ? ಹಲವೆಡೆ ಹಾಕಿರುವ ಗರಿಷ್ಠ ಮಿತಿಯೇ ಸೆಕೆಂಡಿಗೆ ಸುಮಾರು 300 ಅಡಿ, ಅಂದರೆ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು. ದಪ್ಪನೆಯ ಸ್ಕೀ ಕೋಟಿನ ಮೇಲೆ ಬಿದ್ದರೆ ಚುರುಕ್ ಎನ್ನಬಹುದು, ಬರಿಮೈಗೆ ಬಿದ್ದರೆ ನೀಲಿಗಟ್ಟಬಹುದು. ಕಣ್ಣಿನ ಮಾತು ಬೇರೆ.

ಮೇಷ್ಟ್ರು ಇಲ್ಲೊಂದು ಒಳ್ಳೆಯ ಪ್ರಶ್ನೆ ಕೇಳಿದರು: "ಕ್ರಿಕೆಟ್ ಚೆಂಡು ಇದಕ್ಕಿಂತ ಎಷ್ಟೋ ದೊಡ್ಡದು, ಗಟ್ಟಿ. ನಮ್ಮ ಕಾಲದಲ್ಲಿ ಎಷ್ಟು ಜನರ ಮುಖಕ್ಕೆ ಬಿದ್ದಿಲ್ಲ?" ಉತ್ತರ ಅವರ ಪ್ರಶ್ನೆಯಲ್ಲೇ ಇದೆ. ಕಣ್ಣು ಮೂಳೆಯ ಗೂಡಿನೊಳಗೆ ಹುದುಗಿ ಕುಳಿತಿದೆ. ಆ ಗೂಡಿನ ಬಾಯಿ ಸುಮಾರು 4 ಸೆಂಟಿಮೀಟರ್ ಅಗಲ, ಮೂರೂವರೆ ಸೆಂಟಿಮೀಟರ್ ಎತ್ತರ. ಕ್ರಿಕೆಟ್ ಚೆಂಡಿನ ಅಡ್ಡಳತೆ 7 ಸೆಂಟಿಮೀಟರಿಗೂ ಮಿಗಿಲು. ಅದು ಬಂದು ಬಡಿದಾಗ ಹುಬ್ಬಿನ ಮೂಳೆ, ಕೆನ್ನೆಯ ಮೂಳೆಗಳೇ ಏಟಿನ ಹೆಚ್ಚಿನ ಪಾಲನ್ನು ಹೊರುತ್ತವೆ. ಮೂಳೆ ಮುರಿದರೂ ಎಷ್ಟೋ ಸಲ ಕಣ್ಣು ಉಳಿಯುತ್ತದೆ. ಪೇಂಟ್‌ಬಾಲ್ ಮೂಳೆಯನ್ನು ಮುಟ್ಟದೆಯೇ ಒಳಗೆ ನುಗ್ಗಿ ನೇರವಾಗಿ ಕಣ್ಣುಗುಡ್ಡೆಗೆ ಬಡಿಯಬಲ್ಲದು. ಚಿನ್ನಿದಾಂಡಿನ ಚಿನ್ನಿಯಿಂದ ಕಣ್ಣು ಕಳೆದುಕೊಂಡವರನ್ನು ಹಳ್ಳಿಗಳಲ್ಲಿ ಕಂಡಿದ್ದೇವಲ್ಲ, ಇದೂ ಅದೇ ಬಗೆಯದು. ನಮ್ಮೂರಿನ ಹೋಳಿಯಲ್ಲಿ ಎಸೆಯುವ ನೀರಿನ ಬಲೂನು ಕೂಡ ಮೆತ್ತಗಾದ್ದರಿಂದ ಗೂಡಿನ ಆಕಾರಕ್ಕೆ ಒಗ್ಗಿ ಒಳಗೆ ಒತ್ತುತ್ತದೆ.

ಏಟು ಬಿದ್ದ ಕ್ಷಣದಲ್ಲಿ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಚಪ್ಪಟೆಯಾಗಿ ಪಕ್ಕಕ್ಕೆ ಹಿಗ್ಗುತ್ತದೆ. ಆಗ ಪಾಪೆಯ ಸುತ್ತಲಿನ ಬಣ್ಣದ ಪರದೆಯ ಬುಡದಲ್ಲಿರುವ ಸಣ್ಣ ರಕ್ತನಾಳಗಳು ಹರಿದು, ಕಣ್ಣಿನ ಮುಂಭಾಗದಲ್ಲಿ ರಕ್ತ ತುಂಬುತ್ತದೆ. ಮೇಷ್ಟ್ರ ಮೊಬೈಲಿನಲ್ಲಿ ಕಂಡದ್ದು ಇದೇ. ವೈದ್ಯರು ಇದನ್ನು ಹೈಫೀಮಾ ಎನ್ನುತ್ತಾರೆ. ಮಸೂರಕ್ಕೆ ಪೆಟ್ಟಾದರೆ ಇಪ್ಪತ್ತೈದರ ಹರೆಯದಲ್ಲೇ ಪೊರೆ ಬರಬಹುದು. ಹಿಂದುಗಡೆಯ ಅಕ್ಷಿಪಟಲ ಎಳೆತಕ್ಕೆ ಸಿಕ್ಕಿ ಹರಿಯಬಹುದು. ಇವೆಲ್ಲ ಅಂದೇ ಕಾಣಿಸಿಕೊಳ್ಳಬೇಕೆಂದಿಲ್ಲ ಎಂಬುದೇ ಇದರ ಮೋಸ.

ಹಿಮದಲ್ಲಿ ಆಡುವಾಗ ಅಪಾಯ ಏಕೆ ಹೆಚ್ಚು? ಮುಖವಾಡದ ಪಾರದರ್ಶಕ ಗಾಜು, ಅಂದರೆ ಪಾಲಿಕಾರ್ಬೊನೇಟ್ ಹಾಳೆ, ಹೊರಗಿನ ಚಳಿಗೆ ತಣ್ಣಗಾಗಿರುತ್ತದೆ. ಮೊಣಕಾಲುದ್ದ ಹಿಮದಲ್ಲಿ ಓಡಿದವನ ಉಸಿರು, ಬೆವರಿನ ಆವಿ ಬೆಚ್ಚಗಿರುತ್ತವೆ. ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ಇಲ್ಲಿ ಗಾಜಿನ ಒಳಮೈ ಬೆವರುತ್ತದೆ. ಇದರ ಮೇಲೆ ನಮ್ಮವರು ಚಳಿಯೆಂದು ಮೂಗಿನವರೆಗೆ ಮಫ್ಲರ್ ಸುತ್ತಿಕೊಂಡರೆ ಮುಖವಾಡದ ಗಾಳಿಕಿಂಡಿಗಳು ಮುಚ್ಚಿ, ಉಸಿರೆಲ್ಲ ಮೇಲೆ ಹೋಗಿ ಗಾಜಿಗೆ ಬಡಿಯುತ್ತದೆ. ಕನ್ನಡಕ ಹಾಕುವವರಿಗಂತೂ ಎರಡೆರಡು ಕಡೆ ಮಂಜು. ಕಾಣದೇ ಹೋದಾಗ ಕೈ ತಾನಾಗಿ ಮುಖವಾಡದತ್ತ ಹೋಗುತ್ತದೆ. ಎದುರಾಳಿಗೆ ಇದು ಗೊತ್ತಿಲ್ಲ. ಅವನ ಮುಖವಾಡದಲ್ಲೂ ಮಂಜು ಕವಿದಿರುತ್ತದೆ.

ಆದ್ದರಿಂದ ಆಡಲೇಬೇಕೆಂದರೆ ಎರಡು ಪದರದ ಗಾಜಿರುವ ಮುಖವಾಡವನ್ನೇ ಕೇಳಿ ಪಡೆಯಬೇಕು. ಪದರಗಳ ನಡುವಿನ ಗಾಳಿ ಚಳಿಯನ್ನು ತಡೆದು ಮಂಜನ್ನು ಬಹಳಷ್ಟು ಕಡಿಮೆ ಮಾಡುತ್ತದೆ. ಮಫ್ಲರನ್ನು ಕುತ್ತಿಗೆಗೆ ಮಾತ್ರ ಸುತ್ತಬೇಕು. ಆದರೂ ಮಂಜು ಕವಿದರೆ ಕೈಯೆತ್ತಿ ಕೂಗಿ, ಮುಖವಾಡ ಹಾಕಿಕೊಂಡೇ, ಮೇಲ್ವಿಚಾರಕರ ಕೈಹಿಡಿದಾದರೂ ಬಲೆಯ ಆಚೆಗೆ ಬರಬೇಕು. ಆಟ ಸೋತಿತೆಂದರೆ ಸೋಲಲಿ. ಒರೆಸುವುದೇನಿದ್ದರೂ ಅಲ್ಲಿ.

ಹೇಗೂ ಕೊರಳಲ್ಲಿದೆಯಲ್ಲ ಎಂದು ಸ್ಕೀಯಿಂಗ್‌ನ ಕನ್ನಡಕ ಹಾಕಿಕೊಂಡು ಆಡುವವರೂ ಇದ್ದಾರೆ. ಅದು ಗಾಳಿ, ಹಿಮ, ಬಿಸಿಲಿಗೆಂದು ಮಾಡಿದ್ದು, ಈ ಏಟಿಗಲ್ಲ. ಪೇಂಟ್‌ಬಾಲ್ ಮುಖವಾಡಕ್ಕೆಂದೇ ಎ.ಎಸ್.ಟಿ.ಎಂ. ಎಫ್ 1776 ಎಂಬ ಪ್ರತ್ಯೇಕ ಮಾನದಂಡವಿದೆ. ಆದರೆ ಆಟ ಮುಗಿದು ಹೊರಬಂದ ಮೇಲೆ ಸ್ಕೀ ಕನ್ನಡಕವನ್ನು ಮರೆಯಬಾರದು. ಹೊಸದಾಗಿ ಬಿದ್ದ ಹಿಮ ನೇರಳಾತೀತ ಕಿರಣಗಳನ್ನು ಶೇಕಡ 80ರವರೆಗೆ ಹಿಂದಕ್ಕೆ ಹೊಮ್ಮಿಸುತ್ತದೆ. ಬರಿಗಣ್ಣಿನಲ್ಲಿ ಹಗಲೆಲ್ಲ ಇದ್ದವರಿಗೆ ರಾತ್ರಿ ಕಣ್ಣಿಗೆ ಮರಳು ಹಾಕಿದಂತಹ ಉರಿ. ಒಂದೆರಡು ದಿನಗಳಲ್ಲಿ ವಾಸಿಯಾಗುವಂಥದ್ದು, ಆ ಮಾತು ಬೇರೆ.

ಚಳಿಗೂ ಬಂದೂಕಿಗೂ ಇನ್ನೊಂದು ನಂಟಿದೆ. ಕೆಲವು ಬಂದೂಕುಗಳು ದ್ರವರೂಪದ ಇಂಗಾಲದ ಡೈಆಕ್ಸೈಡ್‌ನ ಒತ್ತಡದಿಂದ ನಡೆಯುತ್ತವೆ. ಆ ಒತ್ತಡ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ ಸೊನ್ನೆ ಡಿಗ್ರಿಯಲ್ಲಿ ಬಹಳ ಕಡಿಮೆ. ಬೆಳಗಿನ ಚಳಿಯಲ್ಲಿ ಗುಂಡು ದೂರ ಹೋಗುತ್ತಿಲ್ಲವೆಂದು ತಿರುಪು ಬಿಗಿದು ವೇಗ ಹೆಚ್ಚಿಸಿಕೊಂಡರೆ, ಮಧ್ಯಾಹ್ನದ ಬಿಸಿಲಿಗೆ ಸಿಲಿಂಡರ್ ಬೆಚ್ಚಗಾದಾಗ ಅದೇ ಬಂದೂಕು ಮಿತಿ ಮೀರಿ ಹಾರಿಸುತ್ತದೆ. ವೇಗ ಅಳೆಯುವ ಯಂತ್ರದಲ್ಲಿ ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷಿಸುತ್ತಾರೆಯೇ ಎಂದು ಕೇಳಲು ಸಂಕೋಚಪಡಬೇಕಿಲ್ಲ.

ಇನ್ನು ಏಟು ಬಿದ್ದೇಬಿಟ್ಟರೆ? ಕಣ್ಣುಜ್ಜಬಾರದು, ಒತ್ತಬಾರದು, ರೆಪ್ಪೆಯನ್ನು ಬಲವಂತವಾಗಿ ಬಿಡಿಸಿ ನೋಡಬಾರದು. ಮುಖವಾಡದ ಮೇಲೆ ಒಡೆದ ಬಣ್ಣ ಬರೀ ಸಿಡಿದಿದ್ದರೆ ಶುದ್ಧ ನೀರಿನಲ್ಲಿ ತೊಳೆದರಾಯಿತು; ಗುಂಡೇ ಕಣ್ಣಿಗೆ ಬಡಿದಿದ್ದರೆ ನೀರೂ ಬೇಡ, ಗುಡ್ಡೆ ಒಡೆದಿರಬಹುದು. ಕಾಗದದ ಲೋಟದ ತಳವನ್ನು ಕತ್ತರಿಸಿ, ಕಣ್ಣಿಗೆ ತಾಗದಂತೆ ಸುತ್ತಲಿನ ಮೂಳೆಯ ಮೇಲೆ ಕೂರಿಸಿ ಪಟ್ಟಿ ಅಂಟಿಸಿ. ತಲೆ ಎತ್ತರದಲ್ಲಿರುವಂತೆ ಒರಗಿಸಿ, ಅಂದೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಿಸಬೇಡಿ. ನಮ್ಮ ಕಡೆ ಎದೆಹಾಲು, ಹರಳೆಣ್ಣೆ ಬಿಡುವ ರೂಢಿ ಇನ್ನೂ ಇದೆ, ದಯವಿಟ್ಟು ಬೇಡ. "ಚೆನ್ನಾಗಿ ಕಾಣುತ್ತಿದೆ" ಎಂಬುದು ವೈದ್ಯರನ್ನು ಕಾಣದಿರಲು ಕಾರಣವಲ್ಲ.

ಸ್ಕೀ ರಜೆಯಲ್ಲಿರುವವರು ಮೈಕೈ ನೋವಿಗೆಂದು ಮಾತ್ರೆ ನುಂಗುತ್ತಿರುತ್ತಾರೆ. ಈ ಹುಡುಗನೂ ಎರಡು ದಿನದಿಂದ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದ. ಆಸ್ಪಿರಿನ್, ಐಬುಪ್ರೊಫೆನ್‌ಗಳು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ. ಕಣ್ಣಿನೊಳಗೆ ರಕ್ತ ಬಂದವರಿಗೆ ಎರಡನೆಯ ದಿನದಿಂದ ಐದನೆಯ ದಿನದವರೆಗೆ ಮತ್ತೆ ರಕ್ತಸ್ರಾವವಾಗುವ ಭಯ ಹೆಚ್ಚು, ಅದು ಮೊದಲನೆಯದಕ್ಕಿಂತ ಕೆಟ್ಟದ್ದೂ ಆಗಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಾತ್ರೆ ನುಂಗಿದ್ದನ್ನು ಅಲ್ಲಿನ ವೈದ್ಯರಿಗೆ ಹೇಳುವಂತೆ ಆತನಿಗೆ ತಿಳಿಸಿದೆ. ಆ ಸಂಜೆ ನಾನು ಮಾಡಿದ ಉಪಕಾರವೇನಾದರೂ ಇದ್ದರೆ ಅದೊಂದೇ.

ಒಂದು ವಾರದಲ್ಲಿ ರಕ್ತ ಇಂಗಿತು. ಮೇಷ್ಟ್ರು ಪೇಡ ತಂದರು. ಮಗಳ ಮದುವೆ ಫೆಬ್ರುವರಿಯಲ್ಲಿತ್ತು, ಮಗನ ಟಿಕೆಟ್ ಆಗಿತ್ತು. ಹೊರಡಲು ಹತ್ತು ದಿನವಿದೆ ಎನ್ನುವಾಗ ಹುಡುಗನಿಗೆ ಕಣ್ಣೆದುರು ಕಪ್ಪು ಚುಕ್ಕೆಗಳು ತೇಲತೊಡಗಿದವು, ಮಿಂಚು ಹೊಡೆದಂತಾಯಿತು, ಮರುದಿನ ಒಂದು ಪಕ್ಕದಿಂದ ಪರದೆ ಇಳಿದಂತೆ ನೋಟ ಮುಚ್ಚಿತು. ಅಕ್ಷಿಪಟಲ ಕಳಚಿತ್ತು. ಮ್ಯೂನಿಕ್‌ನಲ್ಲಿ ಕೂಡಲೇ ಶಸ್ತ್ರಚಿಕಿತ್ಸೆ ಮಾಡಿ, ಪಟಲವನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಅನಿಲದ ಗುಳ್ಳೆ ತುಂಬಿದರು.

ಗುಳ್ಳೆ ಕರಗುವವರೆಗೆ ವಿಮಾನ ಹತ್ತುವಂತಿಲ್ಲ ಎಂದರು. ಮೇಷ್ಟ್ರಿಗೆ ಇದು ಅರ್ಥವೇ ಆಗಲಿಲ್ಲ. ಹಾರುವ ವಿಮಾನದೊಳಗೆ ಗಾಳಿಯ ಒತ್ತಡ ನೆಲಮಟ್ಟದಲ್ಲಿ ಇರುವಷ್ಟು ಇರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ. ಆಗ ಕಣ್ಣಿನೊಳಗಿನ ಗುಳ್ಳೆ ಹಿಗ್ಗಿ, ಒತ್ತಡ ಏರಿ, ರಕ್ತ ಪೂರೈಕೆಯೇ ನಿಂತು ಕಣ್ಣು ಪೂರ್ತಿ ಹೋಗಬಹುದು. ಬಳಸಿದ ಅನಿಲಕ್ಕೆ ತಕ್ಕಂತೆ ಗುಳ್ಳೆ ಕರಗಲು ಎರಡು ಮೂರು ವಾರದಿಂದ ಎರಡು ತಿಂಗಳೂ ಹಿಡಿಯಬಹುದು. ನಮ್ಮಲ್ಲೂ ಇದು ಅನ್ವಯಿಸುತ್ತದೆ: ಮಂಗಳೂರಿನಲ್ಲಿ ಇಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ಅಣ್ಣನಿಲ್ಲದೆ ಮದುವೆ ನಡೆಯಿತು. ಅವನು ಮೊಬೈಲಿನಲ್ಲೇ, ವೈದ್ಯರು ಹೇಳಿದಂತೆ ಮುಖ ಕೆಳಗೆ ಮಾಡಿಕೊಂಡು ಧಾರೆ ನೋಡಿದ.

ಆಷಾಢದಲ್ಲಿ ಊರಿಗೆ ಬಂದಾಗ ಚಿಕಿತ್ಸಾಲಯಕ್ಕೂ ಬಂದಿದ್ದ. ಗೋಡೆಯ ಮೇಲಿನ ಪಟ್ಟಿಯಲ್ಲಿ ಆ ಕಣ್ಣಿಗೆ ಮೂರನೆಯ ಸಾಲಿನವರೆಗೆ ಕಾಣುತ್ತದೆ. ಇಂತಹ ಪೆಟ್ಟಿನ ನಂತರ ಎಷ್ಟೋ ವರ್ಷಗಳ ಮೇಲೆ ಸದ್ದಿಲ್ಲದೆ ಗ್ಲಾಕೋಮಾ ಬರಬಹುದಾದ್ದರಿಂದ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ಅಳೆಸಿಕೊಳ್ಳಲೇಬೇಕೆಂದು ಮತ್ತೊಮ್ಮೆ ಹೇಳಿದೆ. ಸ್ಕೀಯಿಂಗ್‌ಗೆ ಹೋಗಬಹುದೇ ಎಂದು ಕೇಳಿದ. ಅಲ್ಲಿನ ನೇತ್ರವೈದ್ಯರು ಒಪ್ಪಿದರೆ ಹೋಗಬಹುದು, ಚೆನ್ನಾಗಿರುವ ಕಣ್ಣು ಈಗ ಒಂದೇ ಆದ್ದರಿಂದ ಪೇಂಟ್‌ಬಾಲ್ ಮಾತ್ರ ಬೇಡ ಎಂದೆ. ಪಕ್ಕದಲ್ಲಿ ಕುಳಿತಿದ್ದ ಮೇಷ್ಟ್ರು, "ಅದನ್ನೊಂದು ಚೀಟಿಯಲ್ಲಿ ಬರೆದುಕೊಡಿ ಡಾಕ್ಟ್ರೇ" ಎಂದರು. ಬರೆದುಕೊಟ್ಟೆ.