ಏದುಸಿರಿಲ್ಲದ ಅಪಾಯ

ಕೋವಿಡ್ ಬೇನೆಯು ಮೂಗು ಗಂಟಲುಗಳಲ್ಲೇ ನಿಂತರೆ ರೋಗಿಯು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುವನು. ಅದು ಎದೆಗೆ ಇಳಿದಾಗಲೇ ಪ್ರಾಣಭಯ. 2020 ಮತ್ತು 2021ರಲ್ಲಿ ವೈದ್ಯರನ್ನೇ ಬೆರಗುಗೊಳಿಸಿದ ಸಂಗತಿಯೊಂದುಂಟು. ಎದ್ದು ಕುಳಿತು ಮಾತನಾಡುತ್ತಿದ್ದ ಕೆಲವು ರೋಗಿಗಳ ರಕ್ತದಲ್ಲಿ ಆಮ್ಲಜನಕವು ಅಪಾಯದ ಮಟ್ಟಕ್ಕೆ ಇಳಿದಿರುತ್ತಿತ್ತು. ಅವರಿಗೆ ಏದುಸಿರಿನ ಸುಳಿವೂ ಇರುತ್ತಿರಲಿಲ್ಲ. ಇದು ಹೇಗೆ ಸಾಧ್ಯವೆಂಬುದನ್ನು, ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲದ ನಾನು ಓದಿ ತಿಳಿದಮಟ್ಟಿಗೆ, ಇಲ್ಲಿ ನಿರೂಪಿಸಲು ಯತ್ನಿಸುತ್ತೇನೆ.

ನಮ್ಮ ಶ್ವಾಸಕೋಶಗಳಲ್ಲಿ ಕೋಟಿಗಟ್ಟಲೆ ಸೂಕ್ಷ್ಮವಾದ ಗಾಳಿಗೂಡುಗಳಿವೆ. ಒಂದೊಂದರ ಸುತ್ತಲೂ ಕೂದಲಿಗಿಂತ ಸಣ್ಣ ರಕ್ತನಾಳಗಳು ಹೆಣೆದುಕೊಂಡಿವೆ. ನಡುವಿನ ತೆಳುಗೋಡೆಯನ್ನು ದಾಟಿ ಆಮ್ಲಜನಕವು ರಕ್ತಕ್ಕೆ ಸೇರುತ್ತದೆ. ಇಂಗಾಲಾಮ್ಲವಾಯುವು ಹೊರಕ್ಕೆ ಬರುತ್ತದೆ. ಸೋಂಕು ತೀವ್ರವಾದಾಗ ಈ ಗೋಡೆಯು ಉರಿಯೂತದಿಂದ ಊದಿಕೊಂಡು, ಗೂಡುಗಳಲ್ಲಿ ದ್ರವವು ತುಂಬುತ್ತದೆ. ಅಂಥ ಗೂಡಿನ ಬಳಿ ಹಾಯ್ದ ರಕ್ತವು ಬರಿಗೈಯಲ್ಲಿ ಹಿಂದಿರುಗುತ್ತದೆ. ಬೇರೆ ಕಾರಣಗಳಿಂದ ಇದೇ ಸ್ಥಿತಿಗೆ ಬಂದಿದ್ದ 12 ಮಂದಿ ರೋಗಿಗಳನ್ನು ಅಮೆರಿಕದ ವೈದ್ಯರು 1967ರಲ್ಲಿಯೇ ವರ್ಣಿಸಿದ್ದರು. ಇದನ್ನೀಗ ಎ.ಆರ್.ಡಿ.ಎಸ್. ಎನ್ನುತ್ತಾರೆ.

ಇನ್ನು ಏದುಸಿರಿನ ಮಾತು. ಉಸಿರಾಟವನ್ನು ನಡೆಸುವ ಮೆದುಳಿನ ಕೇಂದ್ರವು ಮುಖ್ಯವಾಗಿ ಇಂಗಾಲಾಮ್ಲವಾಯುವಿನ ಏರಿಕೆಗೆ ಎಚ್ಚರಗೊಳ್ಳುತ್ತದೆ. ಆಮ್ಲಜನಕದ ಇಳಿಕೆಗೆ ಅಷ್ಟು ಬೇಗನೆ ಅಲ್ಲ. ಇಂಗಾಲಾಮ್ಲವಾಯುವು ಸುಲಭವಾಗಿ ಗೋಡೆಯನ್ನು ದಾಟುವುದರಿಂದ, ಉಳಿದ ಒಳ್ಳೆಯ ಗೂಡುಗಳು ಉಸಿರನ್ನು ತುಸು ಹೆಚ್ಚಿಸಿ ಅದನ್ನು ಹೊರದೂಡಬಲ್ಲವು. ಆಮ್ಲಜನಕದ ಕೊರತೆಯನ್ನು ಮಾತ್ರ ಅವು ತುಂಬಲಾರವು; ಅಲ್ಲಿನ ರಕ್ತವು ಆಗಲೇ ಹೊರಬಲ್ಲಷ್ಟನ್ನು ಹೊತ್ತಿರುತ್ತದೆ. ಕಾವಲುಗಾರನು ಹಿತ್ತಿಲ ಬಾಗಿಲನ್ನೇ ಕಾಯುತ್ತಿರುವಾಗ ಮುಂಬಾಗಿಲಿನಲ್ಲಿ ಕಳ್ಳತನವಾದಂತೆ ಇದು.

ಆದುದರಿಂದಲೇ ಬೆರಳ ತುದಿಗೆ ಸಿಕ್ಕಿಸುವ ಆಕ್ಸಿಮೀಟರು ಮನೆಮನೆಗೂ ಬಂದಿತು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಶೇಕಡಾ 95 ಅಥವಾ ಹೆಚ್ಚನ್ನು ತೋರಿಸುತ್ತದೆ. 90ಕ್ಕೆ ಇಳಿದರೆ ಬೇನೆಯು ತೀವ್ರವಾಗಿದೆಯೆಂದು ತಿಳಿಯಬೇಕು.

ತೊಡಕುಗಳು ಇಷ್ಟಕ್ಕೇ ಮುಗಿಯುವುದಿಲ್ಲ. ಶ್ವಾಸಕೋಶದ ನಾಳಗಳಲ್ಲಿ ರಕ್ತವು ಹೆಪ್ಪುಗಟ್ಟಬಹುದು. ಗೂಡುಗಳು ಒಡೆದು ಗಾಳಿಯು ಎದೆಗೂಡಿಗೆ ಸೋರಿ, ಶ್ವಾಸಕೋಶವು ಕುಸಿಯಬಹುದು. ವಾಸಿಯಾದ ಮೇಲೂ ಕೆಲವರಲ್ಲಿ ಗಾಯದ ಕಲೆಯಂಥ ಗಡಸುತನವು ಉಳಿದು, ಮೆಟ್ಟಿಲು ಹತ್ತುವುದೂ ಕಷ್ಟವಾಗುತ್ತದೆ.

ಚಿಕಿತ್ಸೆಯೂ ಹೊತ್ತನ್ನು ನೋಡಿಯೇ ನಡೆಯತಕ್ಕದ್ದು. ರೋಗಿಯನ್ನು ಬೋರಲಾಗಿ ಮಲಗಿಸಿದರೆ ಬೆನ್ನ ಕಡೆಯ ಕುಗ್ಗಿದ ಗೂಡುಗಳು ತೆರೆದುಕೊಳ್ಳುತ್ತವೆ. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ ‘ರಿಕವರಿ’ ಎಂಬ ಪ್ರಯೋಗದಲ್ಲಿ, ಅಗ್ಗದ ಔಷಧವಾದ ಡೆಕ್ಸಾಮೆಥಸೋನ್, ವೆಂಟಿಲೇಟರಿನ ಮೇಲಿದ್ದವರ ಸಾವನ್ನು ಸುಮಾರು ಮೂರನೆಯ ಒಂದು ಪಾಲಿನಷ್ಟೂ ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಸುಮಾರು ಐದನೆಯ ಒಂದು ಪಾಲಿನಷ್ಟೂ ತಗ್ಗಿಸಿತು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಲಾಭವಾಗಲಿಲ್ಲ. ಯಾರಿಗೆ ಯಾವಾಗ ಕೊಡಬೇಕೆಂಬುದನ್ನು ಅಳತೆಯೇ ಹೇಳಬೇಕಾಯಿತು.

“ನನಗೇನೂ ಆಗಿಲ್ಲ, ಉಸಿರು ಸರಿಯಾಗಿದೆ” ಎಂದು ಮನೆಯ ಹಿರಿಯರು ಹೇಳಿದರೆ ನಾವು ನಂಬಿಬಿಡುತ್ತೇವೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ದೇಹವೇ ಅವರಿಗೆ ಸುದ್ದಿ ಮುಟ್ಟಿಸಿರುವುದಿಲ್ಲ. ಆ ಮಾತನ್ನು ಕೇಳಿದ ಮೇಲೂ ಒಮ್ಮೆ ಬೆರಳಿಗೆ ಆಕ್ಸಿಮೀಟರನ್ನು ಇಟ್ಟು ನೋಡುವುದು ನಮ್ಮ ಕರ್ತವ್ಯ.