ಗಾಳಿ ಯಂತ್ರ: ನಿಂತ ಅಚ್ಚು, ಮಲಗಿದ ಅಚ್ಚು



ರಾಗಿ ತೂರುವಾಗ ನಾವು ಏನು ಮಾಡುತ್ತೇವೆ? ಮೊರ ಎತ್ತಿ ಹಿಡಿದು ಗಾಳಿಗೆ ಕಾಯುತ್ತೇವೆ. ಗಾಳಿ ಬಂತು ಅಂದರೆ ತೂರುತ್ತೇವೆ. ಹೊಟ್ಟು ಆ ಕಡೆ, ಕಾಳು ಈ ಕಡೆ. ಗಾಳಿ ನಿಂತರೆ ಕೈಯೂ ನಿಲ್ಲುತ್ತದೆ. 'ಗಾಳಿ ಬಂದಾಗ ತೂರಿಕೊ' ಅನ್ನೋ ಗಾದೆ ಕಣದ ಮಾತೇ. ಗಾಳಿಯ ಗುಣ ನಿಮಗೆ ಚೆನ್ನಾಗಿ ಗೊತ್ತು. ಅದನ್ನೇ ಇವತ್ತು ಸ್ವಲ್ಪ ಲೆಕ್ಕ ಹಾಕಿ ಓದೋಣ.

ಸಭೆಗೆ ಬಂದ ಕಾಗದ

ಗುಂಡ್ಲುಪೇಟೆ ಕಡೆಯ ನಮ್ಮೂರು. ಆಷಾಢ ಇನ್ನೇನು ಶುರುವಾಗುವುದಿತ್ತು. ಕಲಿಕಾ ಕೇಂದ್ರದಲ್ಲಿ ಸ್ತ್ರೀ ಸಂಘದ ಸಭೆ ನಡೆದಿತ್ತು. ಒಬ್ಬರು ಬ್ಯಾಗು ಹಿಡಿದು ಬಂದರು. ಒಂದು ಬಣ್ಣದ ಕಾಗದ ಹಂಚಿದರು. ಅದರಲ್ಲಿ ಮಾಳಿಗೆ ಮೇಲೆ ನಿಂತ ಒಂದು ಯಂತ್ರದ ಚಿತ್ರ.

"ಇದು ಗಾಳಿ ಯಂತ್ರ. ಯಾವ ಕಡೆ ಗಾಳಿ ಬಂದರೂ ತಿರುಗುತ್ತೆ. 1 ಕಿಲೋವ್ಯಾಟ್ ಕರೆಂಟು ಕೊಡುತ್ತೆ. ಬೆಲೆ ಒಂದೂವರೆ ಲಕ್ಷ. ಇವತ್ತೇ ಮುಂಗಡ ಕೊಟ್ಟರೆ ರಿಯಾಯಿತಿ. ಇಲ್ಲಿ ಸೈನ್ ಹಾಕಿ" ಅಂದರು.

ಸಂಘದಲ್ಲಿ ದುಡ್ಡಿತ್ತು. ವಾರ ವಾರ ಕೂಡಿಟ್ಟ ದುಡ್ಡು. ಚೆಂಡು ಹೂ ಕಿತ್ತ ಕೂಲಿ, ಅರಿಶಿನ ಬಿಡಿಸಿದ ಕೂಲಿ ಎಲ್ಲಾ ಸೇರಿತ್ತು. ಕೆಲವರು "ತಗೊಳ್ಳೋಣ ಬುಡಿ, ಕರೆಂಟು ಬಿಲ್ಲು ತಪ್ಪುತ್ತೆ" ಅಂದರು.

ನಮ್ಮ ದೊಡ್ಡವ್ವ ಹೋದ ವರ್ಷ ಅಕ್ಷರ ಕಲಿತವರು. ಅವರು ಕಾಗದವನ್ನು ಬೆಳಕಿಗೆ ಹಿಡಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: ಗಾಳಿಯ ವೇಗ ಸೆಕೆಂಡಿಗೆ 12 ಮೀಟರ್ ಇರುವಾಗ.

"ಟೀಚರಮ್ಮ, ಇದೇನು 12 ಮೀಟರು? ಬಟ್ಟೆ ಅಳತೆಯಾ?" ಅಂತ ಕೇಳಿದರು.

ಎಲ್ಲರೂ ನಕ್ಕರು. ಆದರೆ ಆ ಮಾತಿಗೆ ಬಂದವರು ಸರಿಯಾಗಿ ಉತ್ತರ ಕೊಡಲಿಲ್ಲ. ದೊಡ್ಡವ್ವ ಕಾಗದ ಮಡಿಸಿದರು. "ಗೊತ್ತಿಲ್ಲದ್ದಕ್ಕೆ ಸೈನ್ ಹಾಕಕ್ಕಿಲ್ಲ ಕನಪ್ಪ. ಓದಿ ತಿಳ್ಕೊಂಡು ಹೇಳ್ತೀವಿ" ಅಂದರು. ಆ ವಾರ ನಾವು ಓದಿದ್ದೇ ಈ ಪಾಠ.

ಅಚ್ಚು ಅಂದರೇನು?

ತಿರುಗುವ ವಸ್ತುವಿಗೆಲ್ಲ ನಡುವೆ ಒಂದು ಅಚ್ಚು ಇರುತ್ತದೆ. ಅದರ ಸುತ್ತ ವಸ್ತು ತಿರುಗುತ್ತದೆ.

ಬಾವಿಯ ರಾಟೆ ನೋಡಿ. ಅದರ ಅಚ್ಚು ಅಡ್ಡ ಮಲಗಿದೆ. ಎತ್ತಿನ ಗಾಡಿ ಚಕ್ರದ ಅಚ್ಚೂ ಹಾಗೇ. ಇವು ಮಲಗಿದ ಅಚ್ಚು.

ಮಜ್ಜಿಗೆ ಕಡೆಯುವ ಕಡಗೋಲು ನೋಡಿ. ಅದು ನೆಟ್ಟಗೆ ನಿಂತು ತಿರುಗುತ್ತದೆ. ಬೀಸುವ ಕಲ್ಲಿನ ಗೂಟವೂ ನೆಟ್ಟಗೆ ನಿಂತಿದೆ. ಇವು ನಿಂತ ಅಚ್ಚು.

ಗಾಳಿ ಯಂತ್ರದಲ್ಲೂ ಇವೇ ಎರಡು ಜಾತಿ. ಒಂದು ರಾಟೆಯ ಹಾಗೆ. ಇನ್ನೊಂದು ಕಡಗೋಲಿನ ಹಾಗೆ. ಪುಸ್ತಕದಲ್ಲಿ ಇವನ್ನು ಸಮತಲ ಅಕ್ಷ, ಲಂಬ ಅಕ್ಷ ಎಂದು ಬರೆಯುತ್ತಾರೆ.

ಗಾಳಿಯಿಂದ ಕರೆಂಟು ಹೇಗೆ?

ಸೈಕಲ್ಲಿನ ಡೈನಮೊ ನೋಡಿದ್ದೀರಾ? ಚಕ್ರ ತಿರುಗಿದರೆ ಡೈನಮೊ ತಿರುಗುತ್ತದೆ. ದೀಪ ಹತ್ತುತ್ತದೆ. ಡೈನಮೊ ದೊಡ್ಡದಾದರೆ ಅದೇ ಜನರೇಟರ್.

ಜನರೇಟರನ್ನು ಯಾವುದಾದರೂ ತಿರುಗಿಸಬೇಕು. ನಮ್ಮ ಭರಚುಕ್ಕಿಯ ಪಕ್ಕದ ಶಿವನಸಮುದ್ರದಲ್ಲಿ ಕಾವೇರಿ ನೀರು ತಿರುಗಿಸಿತು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ನೀರಿನ ಬದಲು ಗಾಳಿ ತಿರುಗಿಸಿದರೆ ಅದೇ ಗಾಳಿ ಯಂತ್ರ.

ಮಲಗಿದ ಅಚ್ಚಿನ ಯಂತ್ರ

ಚಾಮರಾಜನಗರದಲ್ಲಿ ಆಷಾಢದಲ್ಲಿ ಚಾಮರಾಜೇಶ್ವರನ ತೇರು. ಹೊಸದಾಗಿ ಮದುವೆಯಾದ ಜೋಡಿಗಳು ಬಂದು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಜಾತ್ರೆ ಅಂದಮೇಲೆ ಮಕ್ಕಳಿಗೆ ಕಾಗದದ ಗಿರಿಗಿಟ್ಲೆ ಬೇಕು. ಗಾಳಿಗೆ ಮುಖ ಕೊಟ್ಟು ಹಿಡಿದರೆ ಗಿರಿಗಿಟ್ಲೆ ತಿರುಗುತ್ತದೆ. ಪಕ್ಕಕ್ಕೆ ಹಿಡಿದರೆ ನಿಲ್ಲುತ್ತದೆ. ಆಗ ಮಗುವೇ ಕೈ ತಿರುಗಿಸಿ ಗಾಳಿ ಹುಡುಕುತ್ತದೆ.

ಮಲಗಿದ ಅಚ್ಚಿನ ಯಂತ್ರವೂ ಹಾಗೆಯೇ. ಗದಗದ ಕಪ್ಪತಗುಡ್ಡದಲ್ಲಿ, ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಲ್ಲಿ ದೊಡ್ಡ ದೊಡ್ಡ ಯಂತ್ರಗಳಿವೆ. ಆ ಕಡೆ ಜನ ಅದನ್ನು 'ಫ್ಯಾನು' ಅನ್ನುತ್ತಾರೆ. ಎತ್ತರದ ಕಂಬ. ತುದಿಯಲ್ಲಿ ಮೂರು ರೆಕ್ಕೆ. ಗಾಳಿಯ ದಿಕ್ಕು ಬದಲಾದರೆ ಮೋಟಾರು ಯಂತ್ರದ ತಲೆಯನ್ನೇ ತಿರುಗಿಸಿ ಗಾಳಿಗೆ ಮುಖ ಮಾಡುತ್ತದೆ. ಕರ್ನಾಟಕದಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಸಾಮರ್ಥ್ಯ 5 ಸಾವಿರ ಮೆಗಾವ್ಯಾಟ್ ದಾಟಿದೆ. ಅದಕ್ಕೆ ದುಡಿಯುವುದು ಈ ಜಾತಿಯ ಯಂತ್ರಗಳೇ.

ನಿಂತ ಅಚ್ಚಿನ ಯಂತ್ರ

ಇದು ಹೊಸದಲ್ಲ. ಸಾವಿರ ವರ್ಷದ ಹಿಂದೆಯೇ ಇರಾನ್ ದೇಶದಲ್ಲಿ ಇಂಥ ಯಂತ್ರ ಇತ್ತು. ನಿಂತ ಕಂಬಕ್ಕೆ ರೆಕ್ಕೆ ಕಟ್ಟುತ್ತಿದ್ದರು. ಗಾಳಿ ತಿರುಗಿಸುತ್ತಿತ್ತು. ಅದೇ ಕಂಬ ಬೀಸುವ ಕಲ್ಲನ್ನೂ ತಿರುಗಿಸುತ್ತಿತ್ತು. ಹಿಟ್ಟು ಬೀಳುತ್ತಿತ್ತು.

1920ರ ದಶಕದಲ್ಲಿ ಎರಡು ಹೊಸ ಬಗೆ ಬಂದವು.

ಒಂದು, ಫಿನ್ಲೆಂಡ್ ದೇಶದ ಸವೋನಿಯಸ್ ಮಾಡಿದ್ದು. ಒಂದು ಡ್ರಮ್ಮನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದ ಹಾಗೆ ಇರುತ್ತದೆ. ಮೊರ ನೆನೆಸಿಕೊಳ್ಳಿ. ಒಳಬದಿ ಗಾಳಿಗೆ ಹಿಡಿದರೆ ಗಾಳಿ ತಳ್ಳುತ್ತದೆ. ಬೆನ್ನು ಹಿಡಿದರೆ ಗಾಳಿ ಜಾರಿ ಹೋಗುತ್ತದೆ. ಒಂದು ಹೋಳಿನ ಒಳಬದಿಗೆ ಹೆಚ್ಚು ತಳ್ಳು, ಇನ್ನೊಂದರ ಬೆನ್ನಿಗೆ ಕಡಿಮೆ ತಳ್ಳು. ಅದಕ್ಕೇ ಯಂತ್ರ ತಿರುಗುತ್ತದೆ. ಸಣ್ಣ ಗಾಳಿಗೂ ತಿರುಗುತ್ತದೆ. ಆದರೆ ನಿಧಾನ.

ಇನ್ನೊಂದು, ಫ್ರಾನ್ಸ್ ದೇಶದ ಡಾರಿಯೂ ಮಾಡಿದ್ದು. ಬಿಲ್ಲಿನ ಹಾಗೆ ಬಾಗಿದ ರೆಕ್ಕೆ. ಮೇಲಿನ ತುದಿ, ಕೆಳಗಿನ ತುದಿ ಎರಡೂ ಕಂಬಕ್ಕೆ ಸೇರಿರುತ್ತವೆ. ಇದು ಬೇಗ ತಿರುಗುತ್ತದೆ. ಆದರೆ ಹೊರಡುವಾಗ ಸಾಮಾನ್ಯವಾಗಿ ಒಂದು ನೂಕು ಬೇಕು.

ಬೆಂಗಳೂರಿನಲ್ಲಿ ನಡೆದ ಕೆಲಸ

ನಮ್ಮ ರಾಜ್ಯದಲ್ಲೂ ಎರಡೂ ಜಾತಿಯ ಯಂತ್ರದ ಕೆಲಸ ನಡೆದಿದೆ. 1960ರ ದಶಕದಲ್ಲಿ ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯ ನೀರೆತ್ತುವ ಗಾಳಿ ಯಂತ್ರ ಮಾಡಿತು. ಅದಕ್ಕೆ ಹಲವು ರೆಕ್ಕೆ, ಮಲಗಿದ ಅಚ್ಚು.

ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯವರು ನಿಂತ ಅಚ್ಚಿನದು ಮಾಡಿದರು. ಜನ ಇದನ್ನು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರೆ. ಅಲ್ಲಿನ ವಿಜ್ಞಾನಿಗಳು ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ. ಸವೋನಿಯಸ್ ಬಗೆಯ ಚಕ್ರಕ್ಕೆ ಹಾಯಿ ಕಟ್ಟಿದರು. ದೋಣಿಗೆ ಬಟ್ಟೆಯ ಹಾಯಿ ಕಟ್ಟುತ್ತಾರಲ್ಲ, ಹಾಗೆ. ಕಡಿಮೆ ಖರ್ಚಿನಲ್ಲಿ ನೀರೆತ್ತುವುದು ಅವರ ಗುರಿ. 1979ರಲ್ಲಿ ಅದರ ವಿವರ ಬರೆದು ಪ್ರಕಟಿಸಿದರು.

ಇಲ್ಲಿ ಒಂದು ಮಾತು ಗಮನಿಸಿ. ಅವರು ನಿಂತ ಯಂತ್ರವನ್ನು ನೀರೆತ್ತಲು ಇಟ್ಟರು. ಸವೋನಿಯಸ್ ಚಕ್ರ ನಿಧಾನವಾದರೂ ಹಟದಿಂದ ತಿರುಗುತ್ತದೆ. ನೀರೆತ್ತುವ ಪಂಪಿಗೆ ಅದು ಹೊಂದುತ್ತದೆ. ಕರೆಂಟು ಮಾಡುವ ಜನರೇಟರಿಗೆ ವೇಗ ಬೇಕು. ಯಾವ ಕೆಲಸಕ್ಕೆ ಯಾವ ಯಂತ್ರ ಅನ್ನುವುದು ಮುಖ್ಯ.

ಎರಡನ್ನೂ ತೂಗಿ ನೋಡೋಣ

ನಿಂತ ಅಚ್ಚಿನ ಯಂತ್ರದ ಒಳ್ಳೆಯ ಗುಣ:
1. ಗಾಳಿ ಯಾವ ಕಡೆಯಿಂದ ಬಂದರೂ ತಿರುಗುತ್ತದೆ. ಮುಖ ತಿರುಗಿಸಬೇಕಿಲ್ಲ.
2. ಜನರೇಟರನ್ನು ಕೆಳಗೆ, ನೆಲದ ಹತ್ತಿರ ಇಡಬಹುದು. ರಿಪೇರಿಗೆ ಕಂಬ ಹತ್ತಬೇಕಿಲ್ಲ.

ಅದರ ಕೊರತೆ:
1. ಅರ್ಧ ಸುತ್ತು ರೆಕ್ಕೆ ಗಾಳಿಗೆ ಎದುರಾಗಿ ಬರಬೇಕು. ಅಲ್ಲಿ ಬಲ ಸೋರುತ್ತದೆ.
2. ಪ್ರತಿ ಸುತ್ತಿನಲ್ಲೂ ರೆಕ್ಕೆಗೆ ಏಟು ಬೀಳುತ್ತದೆ. ಅಚ್ಚು, ಬೇರಿಂಗು ಸವೆಯುತ್ತವೆ.
3. ಸಾಮಾನ್ಯವಾಗಿ ತಗ್ಗಿನಲ್ಲಿರುತ್ತದೆ. ತಗ್ಗಿನಲ್ಲಿ ಗಾಳಿ ಕಡಿಮೆ.

ಕೆನಡಾ ದೇಶದಲ್ಲಿ ಡಾರಿಯೂ ಬಗೆಯ ಒಂದು ದೊಡ್ಡ ಯಂತ್ರ ಕಟ್ಟಿದ್ದರು. ಹೆಸರು ಇಯೋಲ್. ಎತ್ತರ 110 ಮೀಟರ್. ಕೆಲವು ವರ್ಷ ಚೆನ್ನಾಗಿಯೇ ಕರೆಂಟು ಕೊಟ್ಟಿತು. 1993ರಲ್ಲಿ ಅದರ ಬುಡದ ಬೇರಿಂಗು ಕೆಟ್ಟಿತು. ಇಡೀ ಯಂತ್ರದ ಭಾರ ಅದರ ಮೇಲೇ ಇತ್ತು. ಯಂತ್ರವನ್ನು ನಿಲ್ಲಿಸಿಬಿಟ್ಟರು.

ಮಲಗಿದ ಅಚ್ಚಿನ ಯಂತ್ರದಲ್ಲಿ ಮೂರು ರೆಕ್ಕೆಯೂ ಸದಾ ಗಾಳಿಯಲ್ಲೇ ಇರುತ್ತವೆ. ಕಂಬ ಎತ್ತರ, ಗಾಳಿ ಹೆಚ್ಚು. ಅದಕ್ಕೇ ಕರೆಂಟು ಹೆಚ್ಚು. ಆದರೆ ಜನರೇಟರು ಕಂಬದ ತುದಿಯಲ್ಲಿ. ಕಟ್ಟಲು, ರಿಪೇರಿ ಮಾಡಲು ಖರ್ಚು ಹೆಚ್ಚು.

ಈಗ ರೂಪಾಯಿ ಲೆಕ್ಕದಲ್ಲಿ ನೋಡಿ. ಗಾಳಿಯಲ್ಲಿ 100 ಪೈಸೆಯಷ್ಟು ಬಲ ಇದೆ ಅನ್ನಿ. ಇಂಥ ಯಾವ ಚಕ್ರವೂ 59 ಪೈಸೆಗಿಂತ ಹೆಚ್ಚು ತೆಗೆಯಲಾರದು. ಇದು ಪ್ರಕೃತಿಯ ಕಟ್ಟು. ಮೂರು ರೆಕ್ಕೆಯ ದೊಡ್ಡ ಯಂತ್ರ 40ರಿಂದ 45 ಪೈಸೆ ತೆಗೆಯುತ್ತದೆ. ಒಳ್ಳೆಯ ಡಾರಿಯೂ ಯಂತ್ರ 30ರಿಂದ 40 ಪೈಸೆ. ಡ್ರಮ್ಮಿನ ಹೋಳಿನಂಥದ್ದು 15ರಿಂದ 20 ಪೈಸೆ.

12 ಮೀಟರಿನ ಗುಟ್ಟು

ಈಗ ದೊಡ್ಡವ್ವನ ಪ್ರಶ್ನೆಗೆ ಬರೋಣ. ಸೆಕೆಂಡಿಗೆ 12 ಮೀಟರ್ ಅಂದರೆ ಗಂಟೆಗೆ ಸುಮಾರು 43 ಕಿಲೋಮೀಟರ್. ಬಸ್ಸು ಹೋಗುವಷ್ಟು ವೇಗದ ಗಾಳಿ.

ಗಾಳಿಯ ಲೆಕ್ಕ ನಮ್ಮ ಕೂಲಿ ಲೆಕ್ಕದ ಹಾಗಲ್ಲ. ಅರ್ಧ ದಿನ ದುಡಿದರೆ ಅರ್ಧ ಕೂಲಿ ಸಿಗುತ್ತದೆ. ಗಾಳಿ ಅರ್ಧವಾದರೆ ಅರ್ಧ ಕರೆಂಟು ಸಿಗುವುದಿಲ್ಲ. ಎಂಟರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ!

ಯಾಕೆ ಹೀಗೆ? ಗಾಳಿಯ ವೇಗ ಎರಡರಷ್ಟಾದರೆ ಬರುವ ಗಾಳಿಯೂ ಎರಡರಷ್ಟು. ಜೊತೆಗೆ, ಬಂದ ಗಾಳಿಯ ಬಲ ನಾಲ್ಕರಷ್ಟು. ಎರಡ್ನಾಕ್ಲ ಎಂಟು. ವೇಗ ಅರ್ಧಕ್ಕೆ ಇಳಿದರೆ ಇದೇ ಲೆಕ್ಕ ತಿರುಗುಮುರುಗು.

ಗಾಳಿ 12 ಮೀಟರ್ ಇದ್ದರೆ: 1000 ವ್ಯಾಟ್.
ಗಾಳಿ 6 ಮೀಟರ್ ಇದ್ದರೆ: 125 ವ್ಯಾಟ್.
ಗಾಳಿ 3 ಮೀಟರ್ ಇದ್ದರೆ: ಸುಮಾರು 15 ವ್ಯಾಟ್.

15 ವ್ಯಾಟ್ ಅಂದರೆ 9 ವ್ಯಾಟಿನ ಒಂದು ಎಲ್.ಇ.ಡಿ. ಬಲ್ಬಿಗೆ ಸಾಕು. ಎರಡಕ್ಕೆ ಸಾಲದು. ಯಂತ್ರ ತಿರುಗೋದೇ ಬೇರೆ, ಕರೆಂಟು ಕೊಡೋದೇ ಬೇರೆ.

ಗಾಳಿಯನ್ನು ಓದುವುದು

ನಮ್ಮ ಬೀದಿಯಲ್ಲಿ ಗಾಳಿ ಎಷ್ಟಿದೆ? ಅಂದಾಜಿಗೆ ಕಣ್ಣೇ ಸಾಕು.

ಎಲೆ ಮಾತ್ರ ಅಲುಗಿದರೆ ಸುಮಾರು 3 ಮೀಟರ್.
ಧೂಳು, ಕಾಗದದ ಚೂರು ಎದ್ದರೆ ಸುಮಾರು 6 ಮೀಟರ್.
ದೊಡ್ಡ ಕೊಂಬೆ ಆಡಿ, ಛತ್ರಿ ಹಿಡಿಯಲು ಕಷ್ಟವಾದರೆ ಸುಮಾರು 12 ಮೀಟರ್.

ಜಾಗದ ಮೇಲೂ ಗಾಳಿ ಬದಲಾಗುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ ಸುಮಾರು 1,450 ಮೀಟರ್. ಅಲ್ಲಿ ತಲೆ ಮೇಲೆ ಸೆರಗು ನಿಲ್ಲುವುದಿಲ್ಲ. ಕೆಳಗೆ ಊರಿಗೆ ಇಳಿದರೆ ಎಲೆ ಅಲುಗುವುದೂ ಕಷ್ಟ. ಮನೆ, ಮರ, ಗೋಡೆ ಗಾಳಿಯನ್ನು ಒಡೆಯುತ್ತವೆ. ಮಾಳಿಗೆ ಮೇಲಿನ ಸಣ್ಣ ಯಂತ್ರಕ್ಕೆ ಸಿಗುವುದು ಈ ಒಡೆದ ಗಾಳಿ.

ಸಂಘ ಏನು ಮಾಡಿತು?

ಮುಂದಿನ ವಾರ ಆ ಮನುಷ್ಯರು ಮತ್ತೆ ಬಂದರು. ದೊಡ್ಡವ್ವ ಕೇಳಿದರು: "ನಮ್ಮೂರ ಗಾಳಿಗೆ ಎಷ್ಟು ಕರೆಂಟು ಬತ್ತದೆ? ವರ್ಷಕ್ಕೆ ಎಷ್ಟು ಯೂನಿಟ್ಟು? ಅದನ್ನ ಬರೆದು ಸೈನ್ ಹಾಕಿ ಕೊಡಪ್ಪ. ಆಮೇಲೆ ನಾವು ಹಾಕ್ತೀವಿ."

ಅವರು ಬರೆದು ಕೊಡಲಿಲ್ಲ. ಸಂಘ ಮುಂಗಡ ಕೊಡಲಿಲ್ಲ.

ನಾವು ಮಾಳಿಗೆ ಮೇಲೆ ಒಂದು ಕೋಲು ನೆಟ್ಟು ಹಳೇ ಸೀರೆಯ ಅಂಚು ಕಟ್ಟಿದೆವು. ದಿನಾ ಬೆಳಿಗ್ಗೆ, ಸಂಜೆ ನೋಡಿ ನೋಟುಬುಕ್ಕಿನಲ್ಲಿ ಬರೆದೆವು: ಎಲೆ, ಧೂಳು, ಛತ್ರಿ. ಬರೆಯುವ ಸರದಿ ಒಬ್ಬೊಬ್ಬರದು. ಆಷಾಢದಲ್ಲಿ 'ಧೂಳು' ಬಹಳ ದಿನ ಬಂತು. ದಸರಾ ಕಳೆದ ಮೇಲೆ ಬರೀ 'ಎಲೆ'. 'ಛತ್ರಿ' ಬರೆದ ದಿನಗಳು ಕೈಬೆರಳಲ್ಲಿ ಎಣಿಸುವಷ್ಟು.

ನಿಂತ ಅಚ್ಚಿನ ಯಂತ್ರ ಕೆಟ್ಟದ್ದಲ್ಲ. ನಮ್ಮ ಮಾಳಿಗೆಗೆ, ನಮ್ಮ ಗಾಳಿಗೆ, ಆ ಬೆಲೆಗೆ ಅದು ಹೊಂದಲಿಲ್ಲ, ಅಷ್ಟೇ. ಸಂಘದ ದುಡ್ಡು ಸಂಘದಲ್ಲೇ ಇದೆ. ಮನೆ ದೀಪಕ್ಕೆ ಸೋಲಾರ್ ಆಗುತ್ತದೆಯೇ ಎಂದು ಈಗ ವಿಚಾರಿಸುತ್ತಿದ್ದೇವೆ. ಅದರ ಕಾಗದದಲ್ಲೂ ಸಣ್ಣ ಅಕ್ಷರ ಇರುತ್ತದೆ. ಅದನ್ನೂ ಓದುತ್ತೇವೆ.

ಹೊಸ ಪದಗಳು

ಅಕ್ಷ: ಅಚ್ಚು
ಲಂಬ: ನೆಟ್ಟಗೆ ನಿಂತದ್ದು
ಸಮತಲ: ನೆಲದ ಹಾಗೆ ಮಲಗಿದ್ದು
ವೇಗ: ಎಷ್ಟು ಬೇಗ ಹೋಗುತ್ತದೆ ಎಂಬ ಲೆಕ್ಕ
ಸಾಮರ್ಥ್ಯ: ಮಾಡಬಲ್ಲ ಶಕ್ತಿ

ಉತ್ತರ ಬರೆಯಿರಿ

1. ನಿಮ್ಮ ಮನೆಯಲ್ಲಿ ನಿಂತ ಅಚ್ಚಿನ ವಸ್ತು ಯಾವುದು? ಮಲಗಿದ ಅಚ್ಚಿನದು ಯಾವುದು?
2. ಗಾಳಿಯ ವೇಗ ಅರ್ಧವಾದರೆ ಕರೆಂಟು ಎಷ್ಟು ಪಾಲು ಆಗುತ್ತದೆ?
3. ವಿಜ್ಞಾನ ಸಂಸ್ಥೆಯವರು ಹಾಯಿ ಕಟ್ಟಿದ ಯಂತ್ರವನ್ನು ಯಾವ ಕೆಲಸಕ್ಕೆ ಮಾಡಿದರು?
4. ಯಂತ್ರ ಕೊಳ್ಳುವ ಮುಂಚೆ ನೀವು ಕೇಳುವ ಮೂರು ಪ್ರಶ್ನೆ ಬರೆಯಿರಿ.

ಮಾಡಿ ನೋಡಿ

ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ. ಎರಡೂ ಹೋಳಿನ ಒಳಬದಿ ಎದುರುಬದುರು ಇರಲಿ. ಒಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಒಂದರ ಅಂಚು ಇನ್ನೊಂದರ ಒಳಗೆ ಬರುವ ಹಾಗೆ ಕಟ್ಟಿ. ಮೇಲೆ ದಾರ ಹಾಕಿ ಸೂರಿಗೆ ತೂಗುಹಾಕಿ. ಪಕ್ಕದಲ್ಲಿ ಒಂದು ಗಿರಿಗಿಟ್ಲೆ ಸಿಕ್ಕಿಸಿ. ಯಾವುದು ಯಾವ ಗಾಳಿಗೆ ತಿರುಗಿತು? ಮಕ್ಕಳ ಜೊತೆ ನೋಡಿ ಬರೆಯಿರಿ.